ನಿಂತ ಕಾರಿನಲ್ಲಿ ಪಾತ್ರೆ ಕುಣಿಯುವುದಿಲ್ಲ

ನನ್ನ ಕಾರಿನ ಟ್ರಂಕಿನಲ್ಲಿ ವರ್ಷವಿಡೀ ಪಾತ್ರೆ ಇರುತ್ತೆ. ಇಲ್ಲಿ ಅಮೆರಿಕದಲ್ಲಿ, ನಮ್ಮ ಎಲಿಕಾಟ್ ಸಿಟಿಯ ಕನ್ನಡದವರು ಹಬ್ಬ ಬಂದಾಗ ಒಟ್ಟಿಗೆ ಸೇರಿ ಅಡುಗೆ ಮಾಡುವ ಪಾತ್ರೆ. ದೊಡ್ಡ ದೊಡ್ಡ ಕೊಳದಪ್ಪಲೆ, ಅವಕ್ಕೆ ಹೊಂದದ ಮುಚ್ಚಳಗಳು, ಇಡ್ಲಿ ಸ್ಟ್ಯಾಂಡು, ಜಾಲರಿ, ಸೌಟು. ಯುಗಾದಿಗೆ ಅಂತ ತುಂಬಿದರೆ ರಾಮನವಮಿ ಬಂತಲ್ಲ, ಇಳಿಸೋದ್ಯಾಕೆ ಅಂತ ಹಾಗೇ ಬಿಡ್ತೀನಿ. ಗಣೇಶನ ಹಬ್ಬಕ್ಕೆ ತುಂಬಿದ್ದು ದೀಪಾವಳಿವರೆಗೂ ಅಲ್ಲೇ. ಎಲ್ಲರ ಮನೆಯಲ್ಲೂ ನನ್ನದಕ್ಕಿಂತ ದೊಡ್ಡ ಗರಾಜ್ ಇದೆ, ಪಾತ್ರೆ ಮಾತ್ರ ನನ್ನ ಟ್ರಂಕಿಗೇ. "ನಿಮ್ಮದು ಹೇಗೂ ಹಳೇ ಕಾರಲ್ವಾ" ಅಂತಾರೆ, ಸ್ವಲ್ಪವೂ ನಾಚಿಕೆಯಿಲ್ಲದೆ.

ಹಳೇದೇನೋ ನಿಜ. ಎರಡು ಲಕ್ಷ ಮೈಲಿ ಯಾವತ್ತೋ ದಾಟಿದೆ. ಆದರೆ ನಾನು ಈ ದೇಶದಲ್ಲಿ ಡ್ರೈವಿಂಗ್ ಕಲಿತಿದ್ದು ಅದರಲ್ಲಿ, ಮಕ್ಕಳಿಬ್ಬರನ್ನೂ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದು ಅದರಲ್ಲಿ. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತೆ.

ಕೊರೊನಾದ ಎರಡನೇ ವರ್ಷ, ಗಣೇಶನ ಹಬ್ಬ ಕಳೆದ ಮೇಲೆ ಕಾರಿನಿಂದ ಒಂದು ಸದ್ದು ಶುರುವಾಯ್ತು. ಗಲಗಲ, ಗಲಗಲ. ಮುಚ್ಚಳ ಅಲ್ಲಾಡ್ತಿದೆ ಅಂತ ಮಧ್ಯೆ ಟವೆಲ್ ಇಟ್ಟೆ. ಇಡ್ಲಿ ಸ್ಟ್ಯಾಂಡಿಗೆ ಹಳೇ ಕಾಟನ್ ಸೀರೆ ಸುತ್ತಿದೆ. ಕೊಳದಪ್ಪಲೆಯೊಳಗೆ ಅಕ್ಕಿ ಚೀಲ ಇಳಿಸಿದೆ. ಎರಡು ದಿನ ಸುಮ್ಮನಿರೋದು, ಮತ್ತೆ ಗಲಗಲ. ನಮ್ಮ ಯಜಮಾನರು "ಯಾರಿಗಾದ್ರೂ ತೋರ್ಸೇ" ಅಂದರೆ "ಪಾತ್ರೇನ ಯಾರಿಗ್ರೀ ತೋರ್ಸೋದು?" ಅಂತ ಬಾಯಿ ಮುಚ್ಚಿಸಿದೆ. ಸ್ಕೂಲಿನ ಮುಂದೆ ನಾನು ಕಾರು ನಿಲ್ಲಿಸುವಾಗ ಮಗಳು ಅವಳ ಫ್ರೆಂಡ್ಸ್‌ಗೆ "ಅಮ್ಮಾಸ್ ಕಿಚನ್ ಈಸ್ ಹಿಯರ್" ಅಂತ ಅನೌನ್ಸ್ ಮಾಡೋಳು.

ನನ್ನ ತಂಗಿ ಇರೋದು ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾವೆಲ್ಲ ಅಲ್ಲಿಗೆ ಹೋದಾಗ, ಅವಳ ಅಪಾರ್ಟ್‌ಮೆಂಟಿನ ಗೇಟಿನೊಳಗೆ ತಿರುಗೋ ಹೊತ್ತಿಗೇ ಅವಳು ಬಾಗಿಲು ತೆಗೆದುಕೊಂಡು ನಿಂತಿದ್ದಳು. "ನೀನು ಬರೋದು ಗೇಟಿಂದಲೇ ಕೇಳ್ಸತ್ತೆ ಕಣೇ ಅಕ್ಕ, ನಿಂಗೆ ಕಾಲಿಂಗ್ ಬೆಲ್ಲೇ ಬೇಡ" ಅಂತ ನಕ್ಕಳು. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ಅವಳು ಅಷ್ಟು ಜೋರಾಗಿ ನಕ್ಕಿದ್ದು ನೋಡಿ ನನಗೆ ಎಷ್ಟೋ ಸಮಾಧಾನವಾಯ್ತು.

ಯಾಕೆ ಅಂದರೆ ಅವಳ ಮೊದಲ ಮಗು ಉಳಿದಿರಲಿಲ್ಲ. ಕೊರೊನಾ ಶುರುವಾದ ವರ್ಷ, ಎಂಟನೇ ತಿಂಗಳಲ್ಲಿ, ಇದ್ದಕ್ಕಿದ್ದ ಹಾಗೆ ಆಪರೇಷನ್ ಮಾಡಿ ತೆಗೆದರು. ಆಗ ಒಳಗೆ ಯಾರನ್ನೂ ಬಿಡ್ತಿರಲಿಲ್ಲ. ಪರದೆಯ ಆಚೆ ಡಾಕ್ಟರುಗಳು, ಈಚೆ ಇವಳೊಬ್ಬಳು. "ಸದ್ದೇ ಬರ್ಲಿಲ್ಲ ಅಕ್ಕ" ಅಂತ ಫೋನಿನಲ್ಲಿ ಒಂದೇ ಒಂದು ಸಲ ಹೇಳಿದಳು. ಆಮೇಲೆ ಅವಳೂ ಆ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಈ ಸಲ ಆಪರೇಷನ್ ದಿನ ಮೊದಲೇ ಗೊತ್ತಾಗಿತ್ತು. ಹೊಸ ವರ್ಷ ಕಳೆದ ಮೇಲೆ ಬರುವ ಒಂದು ಸೋಮವಾರ, ಬೆಳಿಗ್ಗೆ. ಜೊತೆಗೆ ಒಬ್ಬರನ್ನು ಬಿಡ್ತಾರೆ. ಆ ಒಬ್ಬರು ಅವಳ ಗಂಡ ಆಗಬೇಕಿತ್ತು. ಅವನು ಅಪ್ಪನಿಗೆ ಹುಷಾರಿಲ್ಲ ಅಂತ ಬೆಂಗಳೂರಿಗೆ ಹೋದವನು ವೀಸಾ ಸ್ಟ್ಯಾಂಪಿಂಗ್ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡ. ಅಮ್ಮನಿಗೂ ವೀಸಾ ಆಗಿರಲಿಲ್ಲ. ಉಳಿದವಳು ನಾನೊಬ್ಬಳು. "ಸೋಮವಾರ ನೀನು ಪಕ್ಕದಲ್ಲಿರ್ತೀಯ ತಾನೇ?" ಅಂತ ತಂಗಿ ದಿನಾ ಕೇಳೋಳು. "ಇರ್ತೀನಿ ಕಣೇ, ಎಷ್ಟು ಸಲ ಹೇಳ್ಲಿ" ಅಂತ ನಾನೂ ದಿನಾ ರೇಗ್ತಿದ್ದೆ.

ಶನಿವಾರ ಬೆಳಕು ಹರಿಯೋ ಮುಂಚೆ ಹೊರಟೆ. ಯಜಮಾನರದ್ದು ಕರೆಂಟಿನ ಕಾರು, ದಾರಿಯುದ್ದಕ್ಕೂ ಚಾರ್ಜ್ ಹಾಕಿಕೊಂಡು ಕಾಯಬೇಕು, ನನ್ನ ಕೈಲಾಗಲ್ಲ. ಹಿಂದಿನ ದಿನ ಹಬ್ಬದ ಪಾತ್ರೆ ಇಳಿಸಿ ಬಾಣಂತನದ ಪಾತ್ರೆ ತುಂಬಿದ್ದೆ. ಎಣ್ಣೆ ಕಾಯಿಸೋಕೆ ಬಾಣಲೆ, ನೀರು ಕಾಯಿಸೋಕೆ ಒಂದು ಕೊಳದಪ್ಪಲೆ, ಅಂಟಿನುಂಡೆ ಡಬ್ಬಿ, ಹರಳೆಣ್ಣೆ, ಬೆಳ್ಳುಳ್ಳಿ ಇಂಗು ಹಾಕಿ ಕುಟ್ಟಿದ ಬಾಣಂತಿ ಪುಡಿ. ಇಳಿಸಿದ್ದಕ್ಕೂ ತುಂಬಿದ್ದಕ್ಕೂ ಮಧ್ಯೆ ಒಂದೇ ಒಂದು ಸಲ ಕಾರು ಸ್ಟಾರ್ಟ್ ಮಾಡಿದ್ದಿದ್ದರೆ ಅವತ್ತೇ ಎಲ್ಲ ಗೊತ್ತಾಗುತ್ತಿತ್ತು. ಮಾಡಲಿಲ್ಲ.

ವರ್ಜೀನಿಯಾ ದಾಟುವವರೆಗೆ ಕಾರು ಚೆನ್ನಾಗೇ ಓಡಿತು. ನಾರ್ತ್ ಕ್ಯಾರೊಲಿನಾದಲ್ಲಿ ಗ್ರೀನ್ಸ್‌ಬರೋ ಕಳೆದ ಮೇಲೆ ಒಂದು ಕೆಟ್ಟ ವಾಸನೆ ಬಂತು. ಬಾಣಂತಿ ಪುಡಿಯ ಮುಚ್ಚಳ ಕಳಚಿಕೊಂಡಿದೆ ಅಂದುಕೊಂಡು ಗಾಜು ಇಳಿಸಿದೆ. ಚಳಿಗೆ ಮೂಗು ಕಿತ್ತು ಹೋಯ್ತು, ವಾಸನೆ ಹೋಗಲಿಲ್ಲ. ಆಮೇಲೆ ಕಾರು ಎಳೆಯೋದು ಬಿಟ್ಟಿತು. ಎಷ್ಟು ತುಳಿದರೂ ಅರವತ್ತು ದಾಟಲ್ಲ. ಇನ್ನೊಂದು ಏರು ಬಂದಾಗ ನಲವತ್ತು. ಹಿಂದಿನಿಂದ ಟ್ರಕ್ಕಿನವನು ಹಾರ್ನ್ ಹೊಡೆದ ಹೊಡೆತಕ್ಕೆ ಬಲಗಡೆ ಅಂಚಿನ ಲೇನಿಗೆ ಸರಿದೆ. ಚೆಕ್ ಎಂಜಿನ್ ಲೈಟ್ ಉರೀತಿತ್ತು, ಆದರೆ ನಮ್ಮ ಕಾರಿನಲ್ಲಿ ಅದು ನಂದಾದೀಪ, ಯಾವಾಗಲೂ ಉರೀತಿರುತ್ತೆ. ಶಾರ್ಲೆಟ್ ಇನ್ನೇನು ಬಂತು ಅನ್ನುವಾಗ ಎಕ್ಸಿಟ್ ತಗೊಂಡು ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ಯಜಮಾನರಿಗೆ ಫೋನ್ ಮಾಡಿದೆ.

"ನಾನು ಅವತ್ತೇ ಹೇಳಿದ್ದೆ" ಅಂತ ಶುರು ಮಾಡಿದರು.

"ಅದನ್ನೆಲ್ಲ ಆಮೇಲೆ ಹೇಳಿ, ಈಗ ಏನ್ಮಾಡ್ಲಿ ಹೇಳಿ" ಅಂತ ಕಿರುಚಿದೆ.

ಆ ವಾರ ಕೊರೊನಾದ ಹೊಸ ತಳಿಯ ಅಲೆ ಬೇರೆ. ಸಿಬ್ಬಂದಿಗೆಲ್ಲ ಜ್ವರ ಅಂತ ಫ್ಲೈಟುಗಳು ಸಾಲುಸಾಲಾಗಿ ಕ್ಯಾನ್ಸಲ್ ಆಗ್ತಿದ್ದವು. ಬಾಡಿಗೆ ಕಾರು ಏರ್‌ಪೋರ್ಟಿನಲ್ಲೂ ಇಲ್ಲ, ಬಸ್ಸಿನಲ್ಲಿ ಸೀಟೂ ಇಲ್ಲ. ಮೆಕ್ಯಾನಿಕ್ಕುಗಳಿಗೆ ಫೋನ್ ಮಾಡಿದರೆ ಮುಂದಿನ ವಾರ ಬನ್ನಿ ಅಂದರು. ಆದರೆ ನಮ್ಮವರ ಫೋನಿನ ಸರಪಳಿ ಒಂದಿದೆಯಲ್ಲ, ಅದು ಯಾವ ಅಲೆಗೂ ನಿಲ್ಲಲ್ಲ. ಯಜಮಾನರು ಅವರ ಫ್ರೆಂಡಿಗೆ, ಆ ಫ್ರೆಂಡ್ ಇನ್ಯಾರಿಗೋ. ನಾನು ಕಾಫಿ ಮುಗಿಸೋದರೊಳಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ತಂಗಿ, ಎಲ್ಲಿ ನಿಂತೀ? ಹೆದರಬ್ಯಾಡ. ಒಳರಸ್ತಾ ಹಿಡದು ನಿಧಾನಕ ಬಾ, ನಮ್ಮನಿ ಅಲ್ಲೇ ಹತ್ರ ಐತಿ."

ಅವರು ಧಾರವಾಡ ಕಡೆಯ ಅಂಕಲ್. ಮಿಲ್ಲಿನ ಯಂತ್ರ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ಅವರ ಕಾರಿನ ಎಂಜಿನ್ ಕೆಳಗಿಳಿದು ಗರಾಜಿನ ಒಂದು ಮೂಲೆಯಲ್ಲಿ ಕೂತಿತ್ತು. ಯಾಕೆ ಇಳಿಸಿದ್ದೀರಿ ಅಂದರೆ "ಒಳಗ ಏನೈತಿ ನೋಡೂಣಂತ" ಅಂದರು. ಅವರ ಹೆಂಡತಿ ಡಾಕ್ಟರ್, ಶ್ವಾಸಕೋಶದ ಡಾಕ್ಟರ್. ಆ ವಾರಾಂತ್ಯ ಆನ್ ಕಾಲ್. ಕರೆ ಬಂದರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿರಬೇಕು. ಹಾಗಾಗಿ ಮನೆಯಲ್ಲಿ ಓಡುವ ಒಂದೇ ಕಾರನ್ನೂ ನನಗೆ ಕೊಡೋ ಹಾಗಿರಲಿಲ್ಲ. ಆಂಟಿ ಇದನ್ನ ಬಾಗಿಲಲ್ಲೇ ಹೇಳಿ, ಡ್ರೈವ್‌ವೇಯಲ್ಲೇ ನನ್ನ ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿ, ಆಮೇಲೆ ಒಳಗೆ ಕರೆದು ಬಿಸಿ ಜೋಳದ ರೊಟ್ಟಿ ಬಡಿಸಿದರು.

ಅಂಕಲ್ ಬಾನೆಟ್ ತೆಗೆದು ಸ್ಪಾರ್ಕ್ ಪ್ಲಗ್ಗು ಅಂದರು, ಪೆಟ್ರೋಲ್ ಪಂಪು ಅಂದರು. ಆಂಟಿ ಹಿಂದೆ ಹೋಗಿ ಬಗ್ಗಿ, ಹೊಗೆ ಬರುವ ಪೈಪಿನ ಹತ್ತಿರ ಅಂಗೈ ಹಿಡಿದರು. "ಇನ್ನಷ್ಟು ತುಳೀವಾ ಆ ಪೆಡಲ್" ಅಂದರು. ತುಳಿದೆ. "ಉಸಿರು ಒಳಗ ಹೊಕ್ಕೈತಿ, ಹೊರಗ ಬರವಲ್ದು. ಎರಡು ವರ್ಷದಿಂದ ವಾರ್ಡಿನ್ಯಾಗ ನಾ ಇದನ್ನ ನೋಡಾಕತ್ತೀನಿ. ರೀ, ತಳಗ ಎಲ್ಲೋ ಕಟ್ಟೈತಿ ನೋಡ್ರಿ."

ಅಂಕಲ್‌ಗೆ ಹೆಂಡತಿ ಮೊದಲು ಹೇಳಿದ್ದು ಒಂಚೂರು ಬೇಜಾರಾಯ್ತು ಅಂತ ಕಾಣುತ್ತೆ. ಕಾರಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗೆ ತೂರಿಕೊಂಡು ರಬ್ಬರ್ ಸುತ್ತಿಗೆಯಿಂದ ಒಂದು ಕಡೆ ತಟ್ಟಿದರು. ಗಲಗಲ.

"ಇದು ಯಾವಾಗಿಂದ ಐತಿ ತಂಗಿ?"

"ಅದು ಪಾತ್ರೆ ಅಂಕಲ್. ಟ್ರಂಕಿನಲ್ಲಿದೆ."

ಅವರು ಹೊರಗೆ ಬಂದು ನನ್ನ ಮುಖ ನೋಡಿದರು. ಟ್ರಂಕ್ ತೆಗೆದು ಬಾಣಲೆ, ಕೊಳದಪ್ಪಲೆ, ಡಬ್ಬಿಗಳನ್ನೆಲ್ಲ ಒಂದೊಂದಾಗಿ ಗರಾಜಿನ ನೆಲಕ್ಕೆ ಇಳಿಸಿದರು. ಮತ್ತೆ ಕೆಳಗೆ ಹೋಗಿ ತಟ್ಟಿದರು. ಗಲಗಲ. "ಅಲ್ಲವಾ, ನಿಂತ ಗಾಡ್ಯಾಗ ಪಾತ್ರಿ ಹ್ಯಾಂಗ ಕುಣೀತಾವ?" ಅಂತ ಕೆಳಗಿನಿಂದಲೇ ಕೇಳಿದರು. ನಿಜ ತಾನೇ! ಸಿಗ್ನಲ್ಲಿನಲ್ಲಿ ನಿಂತಾಗಲೇ ಆ ಸದ್ದು ಜಾಸ್ತಿ ಆಗ್ತಿತ್ತು, ನಾಲ್ಕು ತಿಂಗಳು ಕೇಳಿಸಿಕೊಂಡಿದ್ದೀನಿ, ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು.

ಸದ್ದು ಬರ್ತಿದ್ದದ್ದು ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಮುಂಚೆ ಅದರ ವಿಷವನ್ನು ಸುಟ್ಟು ಕಳಿಸುವ ಡಬ್ಬಿ ಅದು. ಒಳಗೆ ಜೇನುಗೂಡಿನಂಥ ಒಂದು ಪಿಂಗಾಣಿ ತುಂಡು ಇರುತ್ತೆ. ನನ್ನ ಕಾರಿನದು ಒಡೆದು ಚೂರುಚೂರಾಗಿ, ಚೂರುಗಳೆಲ್ಲ ಹೋಗಿ ದಾರಿಗೆ ಅಡ್ಡ ಕೂತು, ಹೊಗೆ ಹೊರಗೆ ಹೋಗೋಕೆ ಜಾಗವೇ ಇರಲಿಲ್ಲ. ಆ ವಾಸನೆಯೂ ಅದರದ್ದೇ. ಪಾಪ ಬಾಣಂತಿ ಪುಡಿಯನ್ನ ಸುಮ್ಮನೆ ಬೈದಿದ್ದೆ.

ಅದನ್ನು ತೆಗೆದು ಹೊಸದು ಹಾಕಬೇಕು. ಅಂಕಲ್ ಪಾರ್ಟ್ಸ್ ಅಂಗಡಿಯವನಿಗೆ ಫೋನ್ ಮಾಡಿದರೆ "ಮಂಗಳವಾರ ಬರುತ್ತೆ" ಅಂದ. ಮಂಗಳವಾರ! ಇನ್ನೊಂದು ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ಯಜಮಾನರು ಅಷ್ಟು ಹೊತ್ತಿಗೆ ವಿಡಿಯೋ ನೋಡಿ ಪಂಡಿತರಾಗಿದ್ದರು. "ಅದನ್ನ ತೆಗೆದು ಬರೀ ಒಂದು ಪೈಪ್ ಜೋಡಿಸಿದ್ರೆ ಸಾಕಂತೆ, ಕಾರು ಓಡತ್ತಂತೆ" ಅಂದರು. ನನಗೆ ಜೀವ ಬಂದ ಹಾಗಾಯ್ತು. ಅಂಕಲ್‌ಗೆ ಹೇಳಿದೆ. ಅವರು ತಲೆ ಆಡಿಸಿದರು. "ಅದು ಕಾಯ್ದೆಕ್ಕ ವಿರುದ್ಧ ತಂಗಿ. ನಾ ಮಾಡಂಗಿಲ್ಲ. ಮತ್ತ ಬಾಣಂತಿ ಮನಿ ಮುಂದ ತಿಂಗಳಾನುಗಟ್ಟಲೆ ಆ ಹೊಗಿ ಬಿಡ್ತೀಯೇನು?"

"ಕಾಯ್ದೆ ಮನೆ ಹಾಳಾಗ್ಲಿ ಅಂಕಲ್, ಸೋಮವಾರ ಬೆಳಿಗ್ಗೆ ನಾನು ಅಲ್ಲಿಲ್ದೇ ಇದ್ರೆ ಅವಳೊಬ್ಬಳೇ ಆ ಟೇಬಲ್ ಮೇಲೆ ಮಲಗ್ತಾಳೆ" ಅಂತ ಕೂಗಾಡಿಬಿಟ್ಟೆ. ರೊಟ್ಟಿ ಹಾಕಿದ ಮನೆಯಲ್ಲಿ, ಅವರ ವಯಸ್ಸಿಗೂ ಮರ್ಯಾದೆ ಕೊಡದೆ. ಆಮೇಲೆ ಅಳು ಬಂತು. ಅತ್ತುಕೊಂಡೇ ಮೊದಲ ಮಗುವಿನ ಕಥೆ ಹೇಳಿದೆ. ಆಂಟಿ ಎಲ್ಲ ಕೇಳಿ, ಫೋನ್ ತಗೊಂಡು ಒಳಗೆ ಹೋದರು. ತಾವು ಬಲ್ಲ ಪೇಷಂಟು, ನರ್ಸು, ನರ್ಸಿನ ಅಣ್ಣ ಅಂತ ಹುಡುಕಿ ಹುಡುಕಿ, ಮಲಗೋ ಮುಂಚೆ ಬಂದು "ರಾಕ್ ಹಿಲ್‌ದಾಗ ಒಂದ್ ಐತಂತ. ನಾಳೆ ಮುಂಜಾನೆ ಅಂಗಡಿ ತೆಗದ ಕೂಡ್ಲೆ ಹೋಗೂಣು" ಅಂದರು.

ತಂಗಿ ಫೋನ್ ಮಾಡಿದಾಗ ಕಾರಿನ ವಿಷಯ ಹೇಳಿದೆ, ಮಂಗಳವಾರದ ವಿಷಯ ಹೇಳಲಿಲ್ಲ. "ನಾಳೆ ಬಂದ್ಬಿಡ್ತೀನಿ" ಅಂದೆ. ಅವಳು "ಹ್ಞೂಂ" ಅಂದಳು, ಅಷ್ಟೇ. ದಿನಾ ಕೇಳುವ ಪ್ರಶ್ನೆ ಅವತ್ತು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆಂಟಿಯ ಜೊತೆ ಸೌತ್ ಕ್ಯಾರೊಲಿನಾದ ಗಡಿ ದಾಟಿ ರಾಕ್ ಹಿಲ್‌ಗೆ ಹೋದೆ. ಆಸ್ಪತ್ರೆಯಿಂದ ಫೋನ್ ಬಾರದಿರಲಪ್ಪಾ ಅಂತ ದಾರಿಯುದ್ದಕ್ಕೂ ರಾಯರನ್ನ ನೆನೆದೆ. ಬರಲಿಲ್ಲ. ಹೊಸ ಕನ್ವರ್ಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಂದೆ.

ಅಷ್ಟರಲ್ಲಿ ಅಂಕಲ್ ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಸ್ಪ್ರೇ ಮಾಡಿ ನೆನೆಸಿಟ್ಟಿದ್ದರು. ಟ್ರಂಕಿನಲ್ಲೇ ಉಳಿದಿದ್ದ ಹಳೇ ಕಾಟನ್ ಸೀರೆ ನೆಲಕ್ಕೆ ಹಾಸಿ ನಾನೂ ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದೆ. ಮೊದಲು ಎರಡು ಸೆನ್ಸರ್ ಬಿಚ್ಚಿದರು. ಹಿಂದಿನ ನಟ್ಟುಗಳು ಕಿರ್ ಅಂತ ಬಂದವು. ಮುಂದಿನ ಒಂದು ಬೋಲ್ಟು ಬಂತು, ಇನ್ನೊಂದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಉದ್ದನೆ ಕೊಳವೆ ಸಿಗಿಸಿ ಇಬ್ಬರೂ ಸೇರಿ ಎಳೆದೆವು. ಟಪ್ ಅಂತ ತಲೆ ಮುರಿಯಿತು. ಅಂಕಲ್ ಬಾಯಿಂದ ಅಪ್ಪಟ ಧಾರವಾಡದ ಬೈಗುಳ ಬಂತು, ಆಮೇಲೆ "ನಿನಗಲ್ಲ ತಂಗಿ, ಬೋಲ್ಟಿಗೆ" ಅಂದರು. ಉಳಿದ ತುಂಡನ್ನು ಕತ್ತರಿಸೋಕೆ ಕರೆಂಟಿನ ಗರಗಸ ತಂದರು. ಕಿಡಿ ಹಾರಿದಾಗ ಕಣ್ಣು ಮುಚ್ಚಿದೆ, ಟಾರ್ಚ್ ಮಾತ್ರ ಅಲ್ಲಾಡಿಸಲಿಲ್ಲ.

ಕೊನೆಗೆ ಅದು ಕಳಚಿ ಬಂತು. ತುಕ್ಕು ತಿಂದ ಕಬ್ಬಿಣದ ಡಬ್ಬಿ. ಅಂಕಲ್ ಎತ್ತಿ ಅಲ್ಲಾಡಿಸಿದರು: ಗಲಗಲ, ಗಲಗಲ. ಬಗ್ಗಿಸಿದರೆ ಒಡೆದ ಹಂಚಿನಂಥ ಬೂದು ಚೂರುಗಳು ಸೀರೆಯ ಮೇಲೆ ಬಿದ್ದವು. ಅದೇ ವರ್ಷ ಊರೂರಲ್ಲಿ ಕಳ್ಳರು ಒಳಗಿನ ಬೆಲೆಬಾಳುವ ಲೋಹಕ್ಕೋಸ್ಕರ ಇದನ್ನೇ ಕತ್ತರಿಸಿಕೊಂಡು ಹೋಗ್ತಿದ್ದರು. "ನಂದನ್ನ ಯಾಕೆ ಬಿಟ್ರೋ ಮುಠ್ಠಾಳರು, ಸದ್ದು ಕೇಳೇ ಬಿಟ್ಟಿರಬೇಕು" ಅಂದೆ. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊಸದು ಹಾಕುವ ಮುಂಚೆ ಅಂಕಲ್ "ಒಂದ್ಸಲ ಕೇಳು" ಅಂತ ಎಂಜಿನ್ ಸ್ಟಾರ್ಟ್ ಮಾಡಿದರು. ಅಬ್ಬಬ್ಬಾ! ಎದುರು ಮನೆಯವನು ಚಪ್ಪಲಿಯಲ್ಲೇ ಹೊರಗೆ ಓಡಿ ಬಂದ. ಗರಾಜಿನ ತಗಡೆಲ್ಲ ನಡುಗಿತು. ಆದರೆ ಕಾರು ಉಸಿರಾಡ್ತಿತ್ತು. ಆ ಗದ್ದಲದಲ್ಲಿ ನಿಂತು ನಾನು ಎರಡು ದಿನದಲ್ಲಿ ಮೊದಲ ಸಲ ಸರಿಯಾಗಿ ಉಸಿರು ಬಿಟ್ಟೆ.

ಹೊಸ ಡಬ್ಬಿ, ಹೊಸ ಬೋಲ್ಟು, ಹೊಸ ಪ್ಲಗ್ಗು. ಬೆಂಕಿ ಸರಿಯಾಗಿ ಹತ್ತದೆ ಉಳಿದ ಪೆಟ್ರೋಲೇ ಹೋಗಿ ಹಳೇ ಡಬ್ಬಿಯನ್ನ ಸುಟ್ಟಿದ್ದು ಅಂತ ಅಂಕಲ್ ಹೇಳಿದರು, ಅಂದರೆ ಪ್ಲಗ್ಗು ಅಂತ ತಾವು ಮೊದಲು ಹೇಳಿದ್ದೂ ಸುಳ್ಳಲ್ಲ ಅಂತ ಆಂಟಿಗೆ ಕೇಳಿಸೋ ಹಾಗೆ. ಪಾತ್ರೆಗಳನ್ನ ಮತ್ತೆ ತುಂಬಿದೆವು. ನಾನು ಇಬ್ಬರಿಗೂ ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ನಿನ್ನೆ ಕೂಗಾಡಿದ್ದಕ್ಕೂ ಸೇರಿಸಿ. "ಕೂಸು ಅತ್ತ ಕೂಡ್ಲೆ ಫೋನ್ ಮಾಡವಾ" ಅಂದರು ಆಂಟಿ.

ಮಧ್ಯಾಹ್ನ ಹೊರಟು, ಹೊತ್ತು ಮುಳುಗುವ ಮುಂಚೆ ಡುಲುತ್ ಸೇರಿದೆ. ದಾರಿಯಲ್ಲಿ ಸಿಗ್ನಲ್ ಬಂದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಏನೂ ಇಲ್ಲ. ಪಾತ್ರೆಗಳು ಅವುಗಳ ಪಾಡಿಗೆ ಕೂತಿದ್ದವು. ತಂಗಿಯ ಗೇಟಿನೊಳಗೆ ತಿರುಗಿದೆ, ನಿಲ್ಲಿಸಿದೆ. ಬಾಗಿಲು ಮುಚ್ಚಿತ್ತು. ಬೆಲ್ ಒತ್ತಿದೆ. ತೆಗೆಯೋಕೆ ತುಂಬಾ ಹೊತ್ತಾಯ್ತು.

ಅವಳ ಕಣ್ಣು ಊದಿಕೊಂಡಿತ್ತು. ನನ್ನ ನೋಡಿದಳು, ನನ್ನ ಹಿಂದೆ ಕಾರು ನೋಡಿದಳು. "ಮಧ್ಯಾಹ್ನದಿಂದ ಕಿಟಕಿ ಹತ್ರ ಕೂತು ಕೇಳ್ತಾನೇ ಇದೀನಿ" ಅಂದಳು. "ಎಷ್ಟು ಕಾರು ಬಂದ್ವು. ನಿಂದು ಬರ್ಲೇ ಇಲ್ಲ. ಸದ್ದೇ ಇಲ್ವಲ್ಲೇ ಅಕ್ಕ." ಹಾಗಂದವಳು ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದಳು. "ಅಯ್ಯೋ ಹುಚ್ಚಿ, ರಿಪೇರಿ ಆಯ್ತು ಕಣೇ" ಅಂತ ತಬ್ಬಿಕೊಂಡೆ. ನನ್ನ ಕೈಯ ಗ್ರೀಸ್ ಅವಳ ನೈಟಿಗೆಲ್ಲ ಮೆತ್ತಿಕೊಂಡಿತು.

ಸೋಮವಾರ ಬೆಳಿಗ್ಗೆ ನನಗೂ ಒಂದು ಟೋಪಿ, ಒಂದು ಗೌನು ಕೊಟ್ಟು ಒಳಗೆ ಬಿಟ್ಟರು. ಪರದೆಯ ಈಚೆ ಅವಳ ತಲೆಯ ಪಕ್ಕ ಕೂತೆ. ಅವಳ ಕೈ ತಣ್ಣಗಿತ್ತು. ಆಚೆ ಡಾಕ್ಟರುಗಳು ತಗ್ಗಿದ ದನಿಯಲ್ಲಿ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಮಗು ಹೊರಗೆ ಬಂತು ಅಂತ ಯಾರೋ ಹೇಳಿದರು. ಆಮೇಲೆ ಏನೂ ಕೇಳಿಸಲಿಲ್ಲ.

ಅವಳು ಛಾವಣಿ ನೋಡ್ತಾ ನನ್ನ ಬೆರಳು ಹಿಂಡಿದಳು. "ಸದ್ದೇ ಇಲ್ವಲ್ಲೇ ಅಕ್ಕ."

ರಿಪೇರಿ ಆಯ್ತು ಕಣೇ ಅಂತ ಹೇಳೋಕೆ ಅಲ್ಲಿ ಏನೂ ಇರಲಿಲ್ಲ. ಆಚೆ ಬಟ್ಟೆಯಿಂದ ಉಜ್ಜುವ ಸಪ್ಪಳ, ಯಾರದೋ ಬೂಟಿನ ಸಪ್ಪಳ. ನಾನು ಉಸಿರು ಬಿಗಿಹಿಡಿದೆ.

ಆಗ ಕಿರುಚಿತು ನೋಡಿ ಆ ಮಗು, ಪರದೆ ಹರಿದು ಹೋಗಬೇಕು ಹಾಗೆ. ನರ್ಸುಗಳೆಲ್ಲ ನಕ್ಕರು. ನಾನು ಅಳುತ್ತಾ ತಂಗಿಯ ಕಿವಿ ಹತ್ತಿರ ಬಗ್ಗಿ "ಕೇಳಿಸ್ತೇನೇ?" ಅಂದೆ.

ಅವಳ ಎರಡೂ ಕಣ್ಣಿಂದ ನೀರು ಕಿವಿಯೊಳಗೆ ಇಳೀತಿತ್ತು.

"ಗೇಟಿಂದಲೇ ಕೇಳ್ಸತ್ತೆ" ಅಂದಳು.